ಕಾವಲುಗಾರ ಯಾರ ಸಂಬಳದವನು, ಮೇಷ್ಟ್ರೇ?

ಹಾವೇರಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವರು. ಕಳೆದ ಸಂಚಿಕೆಯಲ್ಲಿ ಇರಾಕ್ ಬಗ್ಗೆ ಬಂದ ಲೇಖನ ಅವರಿಗೆ ಹಿಡಿಸಿಲ್ಲ. ಪತ್ರದ ಸಾರ ಇಷ್ಟು: “ಅಮೆರಿಕದವರು ಸದ್ದಾಂನಂಥ ಸರ್ವಾಧಿಕಾರಿಯನ್ನು ಇಳಿಸಿದರು, ಚುನಾವಣೆ ಮಾಡಿಸಿದರು. ಉಳಿಸಿಕೊಳ್ಳೋಕೆ ಆಗದೆ ಶಿಯಾ, ಸುನ್ನಿ ಅಂತ ಬಡಿದಾಡಿಕೊಂಡವರು ಇರಾಕಿನವರೇ. ಅದಕ್ಕೂ ಅಮೆರಿಕವನ್ನೇ ಬೈದರೆ ಹೇಗೆ? ಮೊದಲು ಭದ್ರತೆ, ಆಮೇಲೆ ರಾಜಕೀಯ. ಇಷ್ಟು ಸರಳ ವಿಷಯ ನಿಮಗೆ ಯಾಕೆ ಅರ್ಥವಾಗಲ್ಲ?” ಕೊನೆಗೆ ಇನ್ನೊಂದು ಪ್ರಶ್ನೆ: 2003ರಲ್ಲಿ ಇರಾಕಿಗೆ ನಮ್ಮ ಸೈನ್ಯ ಕಳಿಸದೆ ಭಾರತ ಒಳ್ಳೆ ಅವಕಾಶ ಕಳೆದುಕೊಂಡಿತಲ್ವಾ?

ಮೇಷ್ಟ್ರೇ, ಮೊದಲು ಒಂದು ಮಾತು. ನಾಲ್ಕು ಪುಟ ಕೈಬರಹದಲ್ಲಿ, ಒಂದೂ ಕಾಟು ಹೊಡೆಯದೆ ಬರೆದಿದ್ದೀರಿ. ಇಂಥ ಪತ್ರ ಬರುವುದೇ ಅಪರೂಪ. ಹಾಗಾಗಿ ನಾನೂ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ, ಸಹಿಸಿಕೊಳ್ಳಿ.

ಸದ್ದಾಂ ಹುಸೇನ್ ಬಗ್ಗೆ ನೀವು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. 1988ರ ಮಾರ್ಚ್ 16ರಂದು ಹಲಬ್ಜಾ ಊರಿನ ಮೇಲೆ ವಿಷಾನಿಲ ಸುರಿಸಿ ಸಾವಿರಾರು ಕುರ್ದರನ್ನು ಕೊಂದವನು, 1991ರಲ್ಲಿ ದಂಗೆ ಎದ್ದ ಶಿಯಾಗಳನ್ನು ಗುಂಡಿ ತೋಡಿ ಹೂತವನು. ಅವನು ಹೋದದ್ದಕ್ಕೆ ಅಳುವವನು ನಾನಲ್ಲ.

ಆದರೆ ನಿಮ್ಮ “ಮೊದಲು ಭದ್ರತೆ” ಅನ್ನುವ ಮಾತನ್ನೇ ಹಿಡಿದುಕೊಳ್ಳೋಣ. ಬಾಗ್ದಾದ್ ಬಿದ್ದದ್ದು 2003ರ ಏಪ್ರಿಲ್ 9ಕ್ಕೆ. ಆ ವಾರವೇ ಊರಿಗೆ ಊರೇ ಲೂಟಿಯಾಯಿತು. ರಾಷ್ಟ್ರೀಯ ಮ್ಯೂಸಿಯಂನಿಂದ ಸಾವಿರಾರು ವರ್ಷ ಹಳೆಯ ವಸ್ತುಗಳನ್ನು ಹೊತ್ತುಕೊಂಡು ಹೋದರು. ಅಮೆರಿಕದ ಸೈನಿಕರು ತೈಲ ಸಚಿವಾಲಯದ ಸುತ್ತ ಮಾತ್ರ ಗಟ್ಟಿ ಕಾವಲು ಹಾಕಿದ್ದರು. ಮೇ 22ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1483ನೇ ನಿರ್ಣಯದಲ್ಲಿ ಅಮೆರಿಕ ಮತ್ತು ಬ್ರಿಟನ್ ಇರಾಕನ್ನು ಆಕ್ರಮಿಸಿಕೊಂಡಿರುವ ದೇಶಗಳು ಅಂತ ಸ್ಪಷ್ಟವಾಗಿ ಬರೆಯಿತು. ಅಂದರೆ ಬೀದಿಯ ಶಾಂತಿ ಕಾಯುವ ಹೊಣೆ ಕಾನೂನಿನ ಪ್ರಕಾರವೇ ಅವರದ್ದು. ಮಾರನೇ ದಿನ, ಮೇ 23ಕ್ಕೆ, ಅಲ್ಲಿನ ಆಡಳಿತ ನಡೆಸಲು ವಾಷಿಂಗ್ಟನ್ನಿಂದ ಬಂದಿದ್ದ ಪಾಲ್ ಬ್ರೆಮರ್ ಸಾಹೇಬರು ಏನು ಮಾಡಿದರು? ಎರಡನೇ ನಂಬರಿನ ಆದೇಶಕ್ಕೆ ಸಹಿ ಹಾಕಿ ಇರಾಕಿನ ಇಡೀ ಸೈನ್ಯವನ್ನೇ ವಿಸರ್ಜಿಸಿದರು. ಸುಮಾರು 4 ಲಕ್ಷ ಜನ ಒಂದೇ ಏಟಿಗೆ ಮನೆಗೆ. ಒಂದು ವಾರ ಮುಂಚೆ ಮೊದಲನೇ ಆದೇಶದಲ್ಲಿ ಸದ್ದಾಂನ ಬಾತ್ ಪಕ್ಷದ ಮೇಲಿನ ಹಂತದ ಸದಸ್ಯರನ್ನೆಲ್ಲ ಸರ್ಕಾರಿ ನೌಕರಿಯಿಂದ ತೆಗೆದಾಗಿತ್ತು. ಅದರಲ್ಲಿ ಶಾಲಾ ಮೇಷ್ಟ್ರುಗಳೂ ಸಾವಿರಾರು ಮಂದಿ ಇದ್ದರು. ಕೆಲಸಕ್ಕಾಗಿ, ಬಡ್ತಿಗಾಗಿ ಪಕ್ಷದ ಕಾರ್ಡು ಮಾಡಿಸಿಕೊಂಡವರು. ನಿಮ್ಮ ಜಾಗದಲ್ಲಿ ಅವರನ್ನು ಇಟ್ಟು ನೋಡಿ.

ಯುದ್ಧಕ್ಕೆ ಮುಂಚೆ ವಿಮಾನದಿಂದ ಚೀಟಿ ಉದುರಿಸಿ “ಹೋರಾಡಬೇಡಿ, ಮನೆಗೆ ಹೋಗಿ” ಅಂತ ಆ ಸೈನಿಕರಿಗೆ ಹೇಳಿದವರೂ ಇವರೇ. ಅವರು ಮಾತು ಕೇಳಿ ಮನೆಗೆ ಹೋದರು. ಆಮೇಲೆ ಸಂಬಳ ಕೇಳೋಕೆ ಬಾಗ್ದಾದಿನ ಗೇಟಿನ ಮುಂದೆ ನಿಂತರು. ಜೂನ್ 18ರಂದು ಹಾಗೆ ಸೇರಿದ್ದ ಗುಂಪಿನ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. ಅದಾದ ಮೇಲೆ ತಿಂಗಳಿಗಿಷ್ಟು ಅಂತ ಭತ್ಯೆ ಘೋಷಿಸಿದರು. ಆ ಹೊತ್ತಿಗೆ ಬಂದೂಕು ಗೊತ್ತಿದ್ದವರು, ಮದ್ದುಗುಂಡಿನ ಗೋದಾಮು ಎಲ್ಲಿದೆ ಅಂತ ಗೊತ್ತಿದ್ದವರು, ಅವಮಾನ ನುಂಗಿಕೊಂಡವರು ಊರು ತುಂಬ ಇದ್ದರು. ಬ್ರೆಮರ್‌ಗಿಂತ ಮುಂಚೆ ಅಲ್ಲಿದ್ದ ಜೇ ಗಾರ್ನರ್ ಅನ್ನುವ ನಿವೃತ್ತ ಜನರಲ್, ಈ ಆದೇಶಗಳು ಬೇಡ ಅಂತ ಹೇಳಿ ನೋಡಿದ್ದರು. ಯಾರೂ ಕೇಳಲಿಲ್ಲ.

ಇನ್ನು ಶಿಯಾ–ಸುನ್ನಿ ಬಡಿದಾಟ. ಒಳಗೊಳಗೇ ಅಸಮಾಧಾನ ಮೊದಲೂ ಇತ್ತು, ಇಲ್ಲ ಅನ್ನಲ್ಲ. ಆದರೆ ಅದನ್ನು ಸರ್ಕಾರದ ಲೆಕ್ಕದ ಪುಸ್ತಕಕ್ಕೆ ಹತ್ತಿಸಿದ್ದು ಯಾರು? 2003ರ ಜುಲೈನಲ್ಲಿ ಬ್ರೆಮರ್ 25 ಜನರ ಆಡಳಿತ ಮಂಡಳಿ ನೇಮಿಸಿದರು. ಶಿಯಾ 13, ಸುನ್ನಿ ಅರಬರು 5, ಕುರ್ದರು 5, ತುರ್ಕಮೆನ್ 1, ಅಸ್ಸಿರಿಯನ್ ಕ್ರೈಸ್ತ 1. ತಮಾಷೆ ಅಂದರೆ, ಇರಾಕಿ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯನ್ನೂ ಶಿಯಾ ಕೋಟಾದಲ್ಲೇ ಎಣಿಸಿದರು! ಆ ಮನುಷ್ಯ ಜೀವಮಾನವಿಡೀ ವರ್ಗ ಹೋರಾಟ ಅಂತ ಹೇಳಿಕೊಂಡು ಬಂದವರು. ಅಲ್ಲಿಂದ ಮುಂದೆ ಖಾತೆ ಹಂಚಿಕೆ, ಪೊಲೀಸ್ ನೇಮಕಾತಿ, ಎಲ್ಲ ಇದೇ ಲೆಕ್ಕದಲ್ಲಿ. 2006ರ ಫೆಬ್ರುವರಿಯಲ್ಲಿ ಸಮರ್ರಾದಲ್ಲಿ ಶಿಯಾಗಳ ಪವಿತ್ರ ಅಸ್ಕರಿ ದರ್ಗಾಕ್ಕೆ ಬಾಂಬ್ ಇಟ್ಟು ಸಿಡಿಸಿದ ಮೇಲಂತೂ ಬಾಗ್ದಾದಿನಲ್ಲಿ ಹೆಸರೇ ಜೀವಕ್ಕೆ ಕುತ್ತಾಯಿತು. ಒಂದು ಚೆಕ್‌ಪೋಸ್ಟಿನಲ್ಲಿ ಒಮರ್ ಅನ್ನುವ ಸುನ್ನಿ ಹೆಸರು ಹೇಳಿದರೆ ಸಾವು, ಇನ್ನೊಂದರಲ್ಲಿ ಅಲಿ ಅನ್ನುವ ಶಿಯಾ ಹೆಸರು ಹೇಳಿದರೆ ಸಾವು. ಜನ ಎರಡೆರಡು ಗುರುತಿನ ಚೀಟಿ ಮಾಡಿಸಿಕೊಂಡು, ಯಾವ ಬೀದಿಯಲ್ಲಿ ಯಾವುದು ತೋರಿಸಬೇಕು ಅಂತ ನೆನಪಿಟ್ಟುಕೊಂಡು ಓಡಾಡಿದರು. ಕೊಂದವರಲ್ಲಿ ಪೊಲೀಸ್ ಸಮವಸ್ತ್ರ ಹಾಕಿಕೊಂಡವರೂ ಇದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಆ ಚೆಕ್‌ಪೋಸ್ಟುಗಳದ್ದೇ ಇನ್ನೊಂದು ವಿಷಯ ಹೇಳಲೇಬೇಕು. ಅಲ್ಲಿ ಬಾಂಬ್ ಹುಡುಕಲು ಎಡಿಇ 651 ಅನ್ನುವ ಸಾಧನ ಇಟ್ಟಿದ್ದರು. ಪ್ಲಾಸ್ಟಿಕ್ಕಿನ ಒಂದು ಹಿಡಿ, ಅದರ ತುದಿಗೆ ಆಚೀಚೆ ತಿರುಗುವ ಒಂದು ಕಡ್ಡಿ. ಬ್ಯಾಟರಿ ಇಲ್ಲ. ಪೊಲೀಸಪ್ಪ ಅದನ್ನು ಹಿಡಿದುಕೊಂಡು ನಿಂತಲ್ಲೇ ಹೆಜ್ಜೆ ಹಾಕಬೇಕು, ಮೈಯ ವಿದ್ಯುತ್ತಿನಿಂದ ಅದು ಕೆಲಸ ಮಾಡುತ್ತದಂತೆ. ಕಡ್ಡಿ ಕಾರಿನ ಕಡೆ ವಾಲಿತು ಅಂದರೆ, “ಸೆಂಟ್ ಹಾಕಿದ್ದೀರಾ? ಹಲ್ಲು ತುಂಬಿಸಿದ್ದೀರಾ?” ಅಂತ ಕೇಳುತ್ತಿದ್ದರು. ಗಾಲ್ಫ್ ಚೆಂಡು ಹುಡುಕಲು ಮಾರುತ್ತಿದ್ದ ಆಟಿಕೆಯಂಥ ವಸ್ತುವೇ ಇದರ ಮೂಲ. ಇಂಥದ್ದಕ್ಕೆ ಇರಾಕ್ ಸರ್ಕಾರ ಕೋಟಿಗಟ್ಟಲೆ ಡಾಲರ್ ಸುರಿಯಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಲಂಡನ್ನಿನ ಕೋರ್ಟು 10 ವರ್ಷ ಜೈಲು ಹಾಕಿತು. ಅಷ್ಟಾದ ಮೇಲೂ ಬಾಗ್ದಾದಿನಲ್ಲಿ ಆ ಕಡ್ಡಿಗಳು ತಿರುಗುತ್ತಲೇ ಇದ್ದವು. 2016ರ ಜುಲೈನಲ್ಲಿ ಕರ್ರಾದಾ ಪೇಟೆಯಲ್ಲಿ ರಂಜಾನ್ ಖರೀದಿಗೆ ಬಂದವರ ನಡುವೆ ಬಾಂಬ್ ಸಿಡಿದು 300ಕ್ಕೂ ಹೆಚ್ಚು ಜನ ಸತ್ತ ಮೇಲಷ್ಟೇ ಪ್ರಧಾನಿ ಅಬಾದಿ ಅವನ್ನು ತೆಗೆಯಲು ಹೇಳಿದರು. ಸರ್ಕಾರಿ ಕಚೇರಿ, ರಾಯಭಾರ ಕಚೇರಿಗಳಿದ್ದ ಗ್ರೀನ್ ಝೋನ್ ಅನ್ನುವ ಪ್ರದೇಶದ ಕಾಂಕ್ರೀಟ್ ಗೋಡೆಯ ಒಳಗೆ ಇದ್ದವರಿಗೆ ಈ ಕಡ್ಡಿಯ ಮೇಲೆ ಜೀವ ಇಡುವ ಗತಿ ಇರಲಿಲ್ಲ, ನೋಡಿ.

ಒಳಗಿನವರನ್ನು ಕಾಯುವುದಕ್ಕೆ ಖಾಸಗಿ ಗನ್‌ಮ್ಯಾನ್‌ಗಳಿದ್ದರು. 2007ರ ಸೆಪ್ಟೆಂಬರ್ 16ರಂದು ನಿಸೂರ್ ಸರ್ಕಲ್ಲಿನಲ್ಲಿ ಬ್ಲ್ಯಾಕ್‌ವಾಟರ್ ಅನ್ನುವ ಅಮೆರಿಕದ ಕಂಪನಿಯವರು ಟ್ರಾಫಿಕ್ಕಿನಲ್ಲಿ ನಿಂತಿದ್ದವರ ಮೇಲೆ ಗುಂಡು ಹಾರಿಸಿ 17 ಜನರನ್ನು ಕೊಂದರು. ಇರಾಕಿನ ಕೋರ್ಟಿನಲ್ಲಿ ಕೇಸು ನಡೆಸುವಂತಿರಲಿಲ್ಲ. ಬ್ರೆಮರ್ ಹೋಗುವ ಮುಂಚೆ 17ನೇ ಆದೇಶದಲ್ಲಿ ಅವರಿಗೆಲ್ಲ ರಕ್ಷಣೆ ಕೊಟ್ಟಿದ್ದರು. ಕೊನೆಗೆ ಅಮೆರಿಕದಲ್ಲೇ ನಾಲ್ವರಿಗೆ ಶಿಕ್ಷೆಯಾಯಿತು, 2020ರ ಡಿಸೆಂಬರಿನಲ್ಲಿ ಟ್ರಂಪ್ ಕ್ಷಮಾದಾನವನ್ನೂ ಕೊಟ್ಟರು. ನೀವು ಹೇಳುವ ಚುನಾವಣೆ ಈ ಗುಂಡು ಹಾರಿಸುವುದಕ್ಕೆ ಎರಡು ವರ್ಷ ಮುಂಚೆಯೇ ಆಗಿತ್ತು, ಮೇಷ್ಟ್ರೇ. ಜನ ಬಾಂಬಿಗೆ ಹೆದರದೆ ಸಾಲು ನಿಂತು, ಬೆರಳಿಗೆ ಮಸಿ ಹಾಕಿಸಿಕೊಂಡು ವೋಟು ಹಾಕಿದ್ದರು. ಆ ವೋಟಿನಿಂದ ಬಂದ ಪ್ರಧಾನಿಗೆ ತನ್ನ ರಾಜಧಾನಿಯ ಬೀದಿಯಲ್ಲಿ ಗುಂಡು ಹಾರಿಸಿದವನನ್ನು ಕಟಕಟೆಗೆ ಹತ್ತಿಸಲು ಆಗಲಿಲ್ಲ. ಆದ್ದರಿಂದಲೇ “ಮೊದಲು ಭದ್ರತೆ, ಆಮೇಲೆ ರಾಜಕೀಯ” ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಬಂದೂಕು ಹಿಡಿದವನು ಯಾರಿಗೆ ಉತ್ತರ ಕೊಡಬೇಕು ಅನ್ನುವುದಕ್ಕಿಂತ ದೊಡ್ಡ ರಾಜಕೀಯ ಯಾವುದಿದೆ ಹೇಳಿ?

ಹೊಸ ಸೈನ್ಯ, ಪೊಲೀಸ್ ಪಡೆ ಕಟ್ಟಲು ಅಮೆರಿಕ ಖರ್ಚು ಮಾಡಿದ್ದು 2,000 ಕೋಟಿ ಡಾಲರ್‌ಗೂ ಜಾಸ್ತಿ. 2014ರ ಜೂನ್ 10ಕ್ಕೆ ಐಸಿಸ್ ಬಂದಾಗ ಮೊಸುಲ್ ನಗರವನ್ನು ಬಿಟ್ಟು ಆ ಸೈನ್ಯ ಓಡಿತು. ಅದೇ ವರ್ಷದ ಕೊನೆಗೆ ಪ್ರಧಾನಿಯೇ ಹೇಳಿದರು: ಪಟ್ಟಿಯಲ್ಲಿದ್ದ 50,000 ಸೈನಿಕರು ಕೆಲಸಕ್ಕೇ ಬರುತ್ತಿರಲಿಲ್ಲ, ಸಂಬಳ ಮಾತ್ರ ಹೋಗುತ್ತಿತ್ತು. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಅನುದಾನಕ್ಕಾಗಿ ಹಾಜರಿ ಪುಸ್ತಕದಲ್ಲಿ ಇಲ್ಲದ ಮಕ್ಕಳ ಹೆಸರು ತುಂಬಿಸುವ ಶಾಲೆಗಳನ್ನು ನೀವೂ ಕಂಡಿರುತ್ತೀರಿ. ಎದುರಿಗೆ ಬಂದ ಐಸಿಸ್ ಪಡೆ ಕಟ್ಟಿದವರಲ್ಲಿ ಸದ್ದಾಂ ಕಾಲದ ಅಧಿಕಾರಿಗಳಿದ್ದರು, 2003ರಲ್ಲಿ ಮನೆಗೆ ಕಳಿಸಿದ್ದರಲ್ಲ, ಅವರೇ.

“ಉಳಿಸಿಕೊಳ್ಳೋಕೆ ಆಗದೆ” ಅಂದಿರಲ್ಲ, ಇರಾಕಿನವರಿಗೆ ಯೋಗ್ಯತೆ ಇಲ್ಲ ಅನ್ನುವ ಆ ಧಾಟಿ ನನಗೆ ನಿಜಕ್ಕೂ ಬೇಸರ ತರಿಸಿತು. 2019ರ ಅಕ್ಟೋಬರಿನಲ್ಲಿ ಬಾಗ್ದಾದಿನ ತಹ್ರೀರ್ ಚೌಕ, ನಾಸಿರಿಯಾ, ಕರ್ಬಲಾದಲ್ಲಿ ಬೀದಿಗಿಳಿದ ಹುಡುಗ ಹುಡುಗಿಯರನ್ನು ನೆನಪು ಮಾಡಿಕೊಳ್ಳಿ. ಬಹುಪಾಲು ಶಿಯಾ ಮನೆಯ ಮಕ್ಕಳು. ಅವರು ಸಿಟ್ಟಾಗಿದ್ದು ಶಿಯಾ ಪಕ್ಷಗಳ ಮೇಲೆಯೇ, ಆ ಕೋಟಾ ಹಂಚಿಕೆಯ ಮೇಲೆಯೇ. “ನಮಗೊಂದು ದೇಶ ಬೇಕು” ಅಂತ ಕೂಗಿದರು. ಸುಮಾರು 600 ಜನ ಸತ್ತರು, ಪ್ರಧಾನಿ ರಾಜೀನಾಮೆ ಕೊಟ್ಟರು. ಆಟೋ ಓಡಿಸುವ ಹುಡುಗರು ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸಿದರು. ಭದ್ರತೆ ಅಂದರೆ ಏನು ಅಂತ ಆ ಹುಡುಗರನ್ನು ಕೇಳಿದರೆ ನಮ್ಮ ಟಿವಿಯ ಪಂಡಿತರಿಗಿಂತ ಚೆನ್ನಾಗಿ ಹೇಳುತ್ತಾರೆ.

ಪಂಡಿತರು ಅಂದಾಗ ನೆನಪಾಯಿತು. ಫಿರ್ದೌಸ್ ಚೌಕದಲ್ಲಿ ಸದ್ದಾಂ ಪ್ರತಿಮೆ ಬಿದ್ದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಇಡೀ ಬಾಗ್ದಾದ್ ಸೇರಿದೆ ಅನ್ನಿಸಿತು. ದೂರದಿಂದ ತೆಗೆದ ಫೋಟೋದಲ್ಲಿ ಚೌಕ ಮುಕ್ಕಾಲು ಖಾಲಿ. ಪ್ರತಿಮೆ ಎಳೆದದ್ದು ಅಮೆರಿಕದ ಸೈನ್ಯದ ವಾಹನ. ಆಗ ಹಾಗೆ ತೋರಿಸಿದವರು ಇವತ್ತಿಗೂ ಬೇರೆ ಬೇರೆ ದೇಶಗಳ ನಕ್ಷೆ ಮುಂದೆ ನಿಂತು ಬಾಣ ಎಳೆಯುತ್ತಿದ್ದಾರೆ. ಕೆಳಗೆ ಮನೆ ಇದೆ, ಮನೆಯಲ್ಲಿ ಜನ ಇದ್ದಾರೆ ಅನ್ನುವುದು ಆ ಬಾಣಕ್ಕೆ ಕಾಣುವುದಿಲ್ಲ. ಕನ್ನಡದ ಚಾನೆಲ್ಲುಗಳೂ ಈಗ ಗ್ರಾಫಿಕ್ಸಿನಲ್ಲಿ ಕ್ಷಿಪಣಿ ಹಾರಿಸುವುದನ್ನು ಚೆನ್ನಾಗಿ ಕಲಿತಿವೆ. ನೀವು ಇದನ್ನು ನೋಡುತ್ತಾ ಪತ್ರ ಬರೆದಿರಿ ಅಂತ ನನ್ನ ಗುಮಾನಿ. ಸಿಟ್ಟಾಗಬೇಡಿ.

ಕೊನೆಗೆ ನಿಮ್ಮ ಎರಡನೇ ಪ್ರಶ್ನೆ. ಅಮೆರಿಕ ಕೇಳಿದ್ದು ಒಂದು ಡಿವಿಷನ್, ಅಂದರೆ ಸುಮಾರು 17,000 ನಮ್ಮ ಸೈನಿಕರನ್ನು. ಕಳಿಸಿ, ಗುತ್ತಿಗೆ ಸಿಗುತ್ತದೆ, ಮರ್ಯಾದೆ ಸಿಗುತ್ತದೆ ಅಂತ ದೆಹಲಿಯಲ್ಲಿ ಬರೆದವರು ಬಹಳ. ವಾಜಪೇಯಿ ಸರ್ಕಾರ 2003ರ ಜುಲೈ 14ರಂದು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಆಗುವುದಿಲ್ಲ ಅಂತ ಹೇಳಿತು. ಆ ಸರ್ಕಾರದ ಎಷ್ಟೋ ಕೆಲಸಗಳನ್ನು ಟೀಕಿಸುವ ನಾನು ಇದೊಂದನ್ನು ಪೂರ್ತಿ ಮೆಚ್ಚುತ್ತೇನೆ. ನಮ್ಮವರು ಅಲ್ಲಿಗೆ ಒಮ್ಮೆ ಹೋಗಿ ಬಂದವರೇ. 1917ರಲ್ಲಿ ಬ್ರಿಟಿಷ್ ಜನರಲ್ ಮಾಡ್ ಬಾಗ್ದಾದ್ ಹಿಡಿದು “ಗೆದ್ದವರಾಗಿ ಅಲ್ಲ, ಬಿಡಿಸುವವರಾಗಿ ಬಂದಿದ್ದೇವೆ” ಅಂತ ಸಾರಿದಾಗ ಅವನ ಸೈನ್ಯದಲ್ಲಿ ಇದ್ದವರು ಹೆಚ್ಚಿನವರು ಭಾರತೀಯರು. ಮೂರೇ ವರ್ಷಕ್ಕೆ ಇರಾಕಿನವರು ದಂಗೆ ಎದ್ದರು, ಅದನ್ನು ಅಡಗಿಸಲು ಕಳಿಸಿದ್ದೂ ನಮ್ಮ ಸಿಪಾಯಿಗಳನ್ನೇ. 2003ರಲ್ಲಿ ಆ 17,000 ಜನ ಹೋಗಿದ್ದರೆ 2004ರ ಹೊತ್ತಿಗೆ ನಿಮ್ಮಿಂದ ನನಗೆ ಬೇರೆಯೇ ಪತ್ರ ಬರುತ್ತಿತ್ತು. ಬಹುಶಃ ಇದಕ್ಕಿಂತ ಉದ್ದದ್ದು.