ಜಾವಾದ ಹಳ್ಳಿಯಲ್ಲಿ ಮಗಳ ಮನೆ: ಕಳ್ಳರಿಗಿಂತ ಮೊದಲು ಕಾಗದ ನೋಡಿ

ಅಮ್ಮ, ನಮಸ್ಕಾರ.

ನಿಮ್ಮ ಉದ್ದದ ಪತ್ರ ತಲುಪಿತು. ಬೇರೆ ಓದುಗರಿಗೂ ತಿಳಿಯಲಿ ಎಂದು ಅದರ ಸಾರ ಹೇಳಿಬಿಡುತ್ತೇನೆ. ಶಿವಮೊಗ್ಗ ಕಡೆಯ ನಿಮ್ಮ ಮಗಳು ಸಿಂಗಾಪುರದಲ್ಲಿ ಕೆಲಸಕ್ಕಿದ್ದಾಗ ಇಂಡೋನೇಷ್ಯಾದ ಜಾವಾ ದ್ವೀಪದ ಹುಡುಗನನ್ನು ಅಲ್ಲೇ ಮದುವೆಯಾದಳು. ಈಗ ಇಬ್ಬರೂ ಅಳಿಯನ ಊರಿಗೆ ಹೋಗಿ ನೆಲೆಸುವ ಯೋಚನೆಯಲ್ಲಿದ್ದಾರೆ. ಊರು ಮಧ್ಯ ಜಾವಾದ ವೊನೊಗಿರಿ ಜಿಲ್ಲೆಯ ದಕ್ಷಿಣದ ಗುಡ್ಡಗಳ ನಡುವೆ ಇದೆ. ಮಗಳ ಉಳಿತಾಯದಲ್ಲಿ ಜಾಗ ಕೊಂಡು ಮನೆ ಕಟ್ಟುವ ಮಾತು ನಡೆದಿದೆ. "ಮಗಳ ಹೆಸರಿಗೆ ಆಗಲ್ಲವಂತೆ, ಅಳಿಯನ ಅಣ್ಣನ ಹೆಸರಿಗೆ ಮಾಡಿಸಿದರಾಯ್ತು ಅಂತಾರೆ. ಅಷ್ಟು ದೂರದ ಹಳ್ಳಿ, ಕಳ್ಳಕಾಕರ ಭಯ ಇಲ್ಲವೇ? ಹುಷಾರು ತಪ್ಪಿದರೆ ಗತಿ ಏನು?" ಎಂದು ಕೇಳಿದ್ದೀರಿ.

ಪತ್ರದಲ್ಲಿ ಅರ್ಧ ಕಳ್ಳರ ವಿಷಯವೇ ಇದೆ. ಅಣ್ಣನ ಹೆಸರಿನ ವಿಷಯಕ್ಕೆ ಒಂದೇ ಸಾಲು. ನಾನು ಆ ಒಂದು ಸಾಲಿನಿಂದ ಶುರು ಮಾಡುತ್ತೇನೆ. ಮಗಳ ದುಡ್ಡು ಹೋಗುವುದಿದ್ದರೆ ಆ ದಾರಿಯಲ್ಲೇ ಹೋಗುವ ಸಂಭವ ಜಾಸ್ತಿ.

ಜಮೀನಿನ ಪೂರ್ತಿ ಒಡೆತನಕ್ಕೆ ಇಂಡೋನೇಷ್ಯಾದಲ್ಲಿ 'ಹಕ್ ಮಿಲಿಕ್' ಎನ್ನುತ್ತಾರೆ. 1960ರ ಭೂ ಕಾಯ್ದೆಯ ಪ್ರಕಾರ ಅದು ಆ ದೇಶದ ಪ್ರಜೆಗಳಿಗೆ ಮಾತ್ರ. ಅಲ್ಲಿ ವಾಸದ ಪರವಾನಗಿ ಇರುವ ಹೊರದೇಶದವರಿಗೆ ಸಿಗುವುದು 'ಹಕ್ ಪಕಾಯ್', ಅಂದರೆ ಬಳಸುವ ಹಕ್ಕು. ಅದಕ್ಕೆ ವರ್ಷಗಳ ಮಿತಿ ಇರುತ್ತದೆ. ಹಾಗಾಗಿ ಮಗಳ ಹೆಸರಿಗೆ ಆಗಲ್ಲ ಎಂದವರು ಸುಳ್ಳು ಹೇಳಿಲ್ಲ.

ಅಣ್ಣನ ಹೆಸರಿಗೆ ಮಾತ್ರ ದಯವಿಟ್ಟು ಬೇಡ. ಹೊರದೇಶದವರಿಗೆ ನೇರವಾಗಿಯೋ ಸುತ್ತುಬಳಸಿಯೋ ಜಮೀನು ದಾಟಿಸುವ ವ್ಯವಹಾರ ಅದೇ ಕಾಯ್ದೆಯ 26ನೇ ಕಲಮಿನಡಿ ಊರ್ಜಿತವಾಗುವುದಿಲ್ಲ. ಜಮೀನು ಸರ್ಕಾರಕ್ಕೆ ಹೋಗುತ್ತದೆ. ಕೊಟ್ಟ ದುಡ್ಡನ್ನು ವಾಪಸ್ ಕೇಳುವ ಹಾಗೂ ಇಲ್ಲ. ಬಾಲಿಯಲ್ಲಿ ಇಂಥ ಬೇನಾಮಿ ವ್ಯವಹಾರಕ್ಕೆ ಇಳಿದು ಕೈಸುಟ್ಟುಕೊಂಡ ಹೊರಗಿನವರು ಬೇಕಾದಷ್ಟು ಜನ. ಅಣ್ಣ ಒಳ್ಳೆಯವನೇ ಇರಬಹುದು. ನಾಳೆ ಅವನು ಇಲ್ಲವಾದರೆ? ಅವನ ಹೆಂಡತಿ ಮಕ್ಕಳ ಮುಂದೆ ನಿಮ್ಮ ಮಗಳು ಯಾವ ಕಾಗದ ಹಿಡಿದು ನಿಲ್ಲುತ್ತಾಳೆ?

ಹಾಗಾದರೆ ಅಳಿಯನ ಹೆಸರಿಗೇ ಮಾಡಿಸಿದರೆ? ಅಲ್ಲೂ ಒಂದು ಗಂಟು ಇದೆ. 1974ರ ಮದುವೆ ಕಾಯ್ದೆಯ ಪ್ರಕಾರ ಮದುವೆಯಾದ ಮೇಲೆ ಗಳಿಸಿದ ಆಸ್ತಿ ಇಬ್ಬರದೂ ಹೌದು. ಹೆಂಡತಿ ಹೊರದೇಶದವಳಾದರೆ ಅರ್ಧ ಜಮೀನು ಹೊರದೇಶದವರ ಕೈಗೆ ಹೋದ ಲೆಕ್ಕ. ಹೀಗೆ ಮದುವೆಯಿಂದ ಬಂದ ಹಕ್ ಮಿಲಿಕ್ಕನ್ನು ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ಇದರಿಂದ ಪರದೇಶದವರನ್ನು ಮದುವೆಯಾದ ಇಂಡೋನೇಷ್ಯಾದವರು ತಮ್ಮ ದೇಶದಲ್ಲೇ ಮನೆ ಕೊಳ್ಳಲಾಗದೆ ಒದ್ದಾಡುತ್ತಿದ್ದರು. ಆಸ್ತಿ ಬೇರೆ ಬೇರೆ ಎಂಬ ಕರಾರನ್ನು ಮದುವೆಗೆ ಮುಂಚೆಯೇ ಮಾಡಿಕೊಂಡಿದ್ದರೆ ಮಾತ್ರ ಆಗ ಬಚಾವ್. ಮದುವೆ ಸಂಭ್ರಮದಲ್ಲಿ ಯಾರಿಗೆ ಅದು ನೆನಪಿರುತ್ತದೆ, ಅಲ್ವಾ? ಜಪಾನಿನವನನ್ನು ಮದುವೆಯಾಗಿದ್ದ 'ಇಕೆ ಫರೀದಾ' ಎಂಬ ಇಂಡೋನೇಷ್ಯಾದ ಹೆಂಗಸು ಇದನ್ನು ಸಂವಿಧಾನ ನ್ಯಾಯಾಲಯಕ್ಕೆ ಒಯ್ದರು. 2016ರ ಅಕ್ಟೋಬರಿನಲ್ಲಿ ತೀರ್ಪು ಬಂತು. ಮದುವೆಯಾದ ಮೇಲೂ ಅಂಥ ಕರಾರು ಮಾಡಿಕೊಳ್ಳಬಹುದು ಎಂದಾಯಿತು. ನಿಮ್ಮ ಮಗಳಿಗೆ ಬೇಕಾಗಿರುವುದು ಇದೇ. ಜಾಗ ಕೊಳ್ಳುವ ಮುಂಚೆ ನೋಟರಿ ಮುಂದೆ ಈ ಕರಾರು ಆಗಲಿ. ಮದುವೆ ಸಿಂಗಾಪುರದಲ್ಲಿ ಆದದ್ದರಿಂದ, ಇಂಡೋನೇಷ್ಯಾಕ್ಕೆ ಮರಳಿ ಒಂದು ವರ್ಷದೊಳಗೆ ಅಲ್ಲಿ ಮದುವೆಯನ್ನು ನೋಂದಾಯಿಸಲೂಬೇಕು.

ಇಷ್ಟು ಮಾಡಿದ ಮೇಲೆ ಜಾಗ ಕಾಗದದಲ್ಲಿ ಪೂರ್ತಿ ಅಳಿಯನದಾಗುತ್ತದೆ. ದುಡ್ಡು ಹಾಕಿದವಳು ಎಲ್ಲೂ ಕಾಣುವುದಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲು ನನಗೆ ಇಷ್ಟವಿಲ್ಲ. ಗಂಡನ ಹಕ್ ಮಿಲಿಕ್ ಜಾಗದ ಮೇಲೆ ಹೆಂಡತಿಗೆ ಹಕ್ ಪಕಾಯ್ ಬರೆಸಿಕೊಡುವುದಕ್ಕೆ ಕಾಯ್ದೆಯಲ್ಲಿ ದಾರಿ ಇದೆ. ತಮ್ಮ ಸಂದರ್ಭಕ್ಕೆ ಅದು ಹೊಂದುತ್ತದೆಯೇ ಎಂದು ನೋಟರಿಯನ್ನೇ ಕೇಳಲಿ. ಮುಂದೆ ಮಕ್ಕಳಾಗಿ ಅವರು ಇಂಡೋನೇಷ್ಯಾದ ಪ್ರಜೆಗಳಾದರೆ ಜಾಗ ಅವರಿಗೆ ಬರುವುದಕ್ಕೆ ತೊಡಕಿಲ್ಲ. ಮಗಳೇ ಅಲ್ಲಿನ ಪ್ರಜೆಯಾಗುವುದಾದರೆ ಸತತ ಐದು ವರ್ಷ ಅಲ್ಲಿ ವಾಸವಿದ್ದು ಅರ್ಜಿ ಹಾಕಬಹುದು. ಆದರೆ ಆಗ ಭಾರತದ ಪಾಸ್‌ಪೋರ್ಟ್ ಬಿಡಬೇಕು. ಅದು ನೀವು ತಾಯಿ ಮಗಳು ಕೂತು ಮಾತಾಡುವ ವಿಷಯ.

ಇನ್ನು ಮಾರುವವರ ಕೈಯಲ್ಲಿ ಯಾವ ಕಾಗದ ಇದೆ ಎಂಬುದು. ಹಳ್ಳಿಗಳಲ್ಲಿ ಎಷ್ಟೋ ಜಮೀನಿಗೆ 'ಲೆಟರ್ ಸಿ' ಮಾತ್ರ ಇರುತ್ತದೆ. ಅದು ಊರ ಕಚೇರಿಯ ಕಂದಾಯದ ಪುಸ್ತಕದ ನಮೂದು. ನಮ್ಮ ಪಹಣಿ ತೋರಿಸಿ ಜಾಗ ನಂದೇ ಎಂದಂತೆ. 2021ರ ಸರ್ಕಾರಿ ನಿಯಮ ಇಂಥ ಹಳೇ ದಾಖಲೆಗಳನ್ನು ನೋಂದಾಯಿಸಿಕೊಳ್ಳಲು ಐದು ವರ್ಷ ಗಡುವು ಕೊಟ್ಟಿತು. ಆಮೇಲೆ ಅವು ಬರೀ ಸುಳಿವು, ಹಕ್ಕಿನ ಪುರಾವೆ ಆಗುವುದಿಲ್ಲ. ಭೂ ಕಚೇರಿ ಕೊಟ್ಟ 'ಸರ್ಟಿಫಿಕಾತ್' ಇದ್ದರೆ ಮಾತ್ರ ಮಾತು ಮುಂದುವರಿಸಿ. 2017ರಿಂದ ಸರ್ಕಾರವೇ ಊರೂರಿಗೆ ಬಂದು ಅಳತೆ ಮಾಡಿ ಸರ್ಟಿಫಿಕಾತ್ ಕೊಡುತ್ತಿದೆ. ಹಾಗಾಗಿ ಅದನ್ನು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ಕಳ್ಳರು. ವೊನೊಗಿರಿಯ ಗಂಡಸರು, ಹೆಂಗಸರು ಜಕಾರ್ತಾಕ್ಕೆ ಹೋಗಿ ಬಕ್ಸೋ ಎಂಬ ಮಾಂಸದುಂಡೆ ಸಾರು ಮಾರುತ್ತಾರೆ, ಜಾಮು ಕಷಾಯ ಮಾರುತ್ತಾರೆ. ಅದಕ್ಕೇ ಈ ಜಿಲ್ಲೆ ಹೆಸರುವಾಸಿ. ದುಡಿದ ದುಡ್ಡಲ್ಲಿ ಊರಲ್ಲಿ ಟೈಲ್ಸ್ ಹಾಕಿದ ದೊಡ್ಡ ಮನೆ ಕಟ್ಟಿಸುತ್ತಾರೆ. ಆ ಮನೆ ವರ್ಷವೆಲ್ಲ ಬೀಗ ಹಾಕಿಕೊಂಡಿದ್ದು ರಂಜಾನ್ ಹಬ್ಬಕ್ಕೆ ತೆರೆಯುತ್ತದೆ. ಉಳಿದ ದಿನ ಊರಲ್ಲಿರುವವರು ಮುದುಕರು, ಮಕ್ಕಳು. ಇಂಥ ಕಡೆ ಬೈಕು, ಆಡು, ಕೋಳಿ ಕಳುವಾಗುವುದುಂಟು.

ಅದಕ್ಕೆ ಊರವರೇ ಮಾಡಿಕೊಂಡ ಕಾವಲು 'ರೊಂಡಾ'. ಪಾಳಿಯ ಪ್ರಕಾರ ಕೆಲವು ಮನೆಯ ಗಂಡಸರು ರಾತ್ರಿ ಊರು ಸುತ್ತುತ್ತಾರೆ. ಅಪಾಯ ಕಂಡರೆ 'ಕೆಂತೊಂಗನ್' ಎಂಬ ಟೊಳ್ಳು ಬಿದಿರನ್ನೋ ಮರದ ಕೊರಡನ್ನೋ ಬಡಿಯುತ್ತಾರೆ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು 'ಜಿಂಪಿತಾನ್'. ಮನೆ ಮುಂದೆ ಒಂದು ಪುಟ್ಟ ಡಬ್ಬಿಯಲ್ಲಿ ಚಿಟಿಕೆ ಅಕ್ಕಿ ಇಟ್ಟಿರುತ್ತಾರೆ, ಈಗೀಗ ಚಿಲ್ಲರೆ ಕಾಸು. ಕಾವಲಿನವರು ಅದನ್ನು ಸಂಗ್ರಹಿಸಿ ಊರ ಖರ್ಚಿಗೆ ಬಳಸುತ್ತಾರೆ. ಡಬ್ಬಿ ಹುಡುಕುತ್ತ ಅವರು ಪ್ರತಿ ಮನೆ ಬಾಗಿಲಿಗೂ ಬರುತ್ತಾರಲ್ಲ, ಕಾವಲು ತಾನಾಗೇ ಆಯಿತು.

ನೆರೆಮನೆಗಳ ಈ ಗುಂಪಿಗೆ 'ಆರ್‌ಟಿ' ಎನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಜನರ ಮೇಲೆ ಕಣ್ಣಿಡಲು ತಂದ ಏರ್ಪಾಡು ಅದು, ಹಾಗೇ ಉಳಿದುಕೊಂಡಿದೆ. ಮಗಳು ಇದರೊಳಗೆ ಸೇರಬೇಕು. ಮದುವೆಮನೆಗೆ ಹೆಂಗಸರೆಲ್ಲ ಹೋಗಿ ಅಡುಗೆಗೆ ಕೈಹಾಕುವುದಕ್ಕೆ 'ರೆವಾಂಗ್' ಅಂತಾರೆ. ಭಾಷೆ ಬರದಿದ್ದರೂ ಈರುಳ್ಳಿ ಹೆಚ್ಚಲು ಹೋಗಿ ಕೂರಲಿ. ಸಾವಿನ ಮನೆಗೆ ತಪ್ಪದೆ ಹೋಗಲಿ. ಹೋಗದಿದ್ದರೆ ಕಾಂಪೌಂಡ್ ಎಷ್ಟು ಎತ್ತರ ಕಟ್ಟಿಸಿದರೂ ಉಪಯೋಗವಿಲ್ಲ. ಒಂದು ಎಚ್ಚರಿಕೆ ಮಾತ್ರ ಇದೆ. 'ಮಾಲಿಂಗ್', ಅಂದರೆ ಕಳ್ಳ, ಎಂದು ಸುಮ್ನೆ ಕೂಗಬಾರದು. ಸಿಕ್ಕಿಬಿದ್ದವನನ್ನು ಗುಂಪು ಸೇರಿ ಬಡಿದು ಕೊಂದ ಘಟನೆಗಳು ಜಾವಾದಲ್ಲಿ ಆಗಿವೆ.

ಕಳ್ಳರಿಗಿಂತ ನಾನು ಹೆದರುವುದು ಬೈಕಿಗೆ. ತಿರುವಿನ ಗುಡ್ಡದ ರಸ್ತೆ, ಲೈಸೆನ್ಸ್ ಇಲ್ಲದ ಹುಡುಗರು. ಮಗಳಿಗೆ ಒಳ್ಳೆ ಹೆಲ್ಮೆಟ್ ನೀವೇ ಕೊಡಿಸಿ. ಊರಲ್ಲಿ ಸೂಲಗಿತ್ತಿ ತರಬೇತಿ ಪಡೆದ 'ಬಿದಾನ್' ಸಿಗಬಹುದು, ತಾಲ್ಲೂಕಿನಂಥ ಊರಲ್ಲಿ 'ಪುಸ್ಕೆಸ್ಮಾಸ್' ಎಂಬ ಆರೋಗ್ಯ ಕೇಂದ್ರ ಇರುತ್ತದೆ. ಹೆಚ್ಚಿನದಕ್ಕೆ ಪಟ್ಟಣಕ್ಕೇ ಹೋಗಬೇಕು. ರಾತ್ರಿ ಯಾರ ಕಾರು ಸಿಗುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಲಿ. ಮಲೆನಾಡಿನವರಾದ ನಿಮಗೆ ಹಾವಿನ ಭಯ ಹೊಸದಲ್ಲ. ಆದರೆ ಇಂಡೋನೇಷ್ಯಾದ ಬಯೊ ಫಾರ್ಮಾ ತಯಾರಿಸುವ ವಿಷನಿವಾರಕ ಅಲ್ಲಿನ ನಾಗರ, ಕಟ್ಟುಹಾವು, ಮತ್ತು ನೆಲದ ಮೇಲಿನ ಒಂದು ಗುಳಿಮಂಡಲಕ್ಕೆ ಮಾಡಿದ್ದು. ಮರದ ಮೇಲಿರುವ ಹಸಿರು ಗುಳಿಮಂಡಲಕ್ಕೆ ಅಲ್ಲ. ರಾತ್ರಿ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯುವುದು ಬೇಡ.

ಮನೆ ಕಟ್ಟುವಾಗ ಕಬ್ಬಿಣದಲ್ಲಿ ಕಂಜೂಸಿತನ ಮಾಡಬಾರದು. 2006ರ ಮೇ 27ರ ಬೆಳಗಿನ ಜಾವ ಯೋಗ್ಯಕರ್ತಾ ಕಡೆ ಭೂಮಿ ನಡುಗಿ 5,700ಕ್ಕೂ ಹೆಚ್ಚು ಜನ ಸತ್ತರು. ಕಂಬ, ಬೀಮು ಇಲ್ಲದ ಇಟ್ಟಿಗೆ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದವು. ವೊನೊಗಿರಿ ಅಲ್ಲಿಂದ ದೂರವೇನಲ್ಲ. ಮರದ ಹಳೇ ಮನೆ ಸಿಕ್ಕರೆ ಕೆಡವಬೇಡಿ ಅನ್ನಿ. ಗುಡ್ಡದ ಬುಡದ ಜಾಗ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. 2017ರ ನವೆಂಬರಿನಲ್ಲಿ ಚೆಂಪಾಕಾ ಚಂಡಮಾರುತ ಬಂದಾಗ ಈ ಭಾಗದಲ್ಲೇ ಗುಡ್ಡ ಜರಿದಿತ್ತು.

ಕೊನೆಗೆ ನೀರು. ದಕ್ಷಿಣ ವೊನೊಗಿರಿ ಸುಣ್ಣಕಲ್ಲಿನ ನೆಲ, ಮಳೆನೀರು ನಿಲ್ಲದೆ ಇಳಿದುಹೋಗುತ್ತದೆ. ಬೇಸಿಗೆಯಲ್ಲಿ ಎಷ್ಟೋ ಹಳ್ಳಿಗಳು ಟ್ಯಾಂಕರ್ ಕಾಯುತ್ತವೆ. ಅಲ್ಲಿ ಬೇಸಿಗೆ ಮುಗಿಯುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಜಾಗ ನೋಡಲು ಆಗಲೇ ಹೋಗಲಿ. ಹಬ್ಬಕ್ಕೆ ಊರು ತುಂಬಿದಾಗಲೋ ಮಳೆಗಾಲದಲ್ಲಿ ಗುಡ್ಡ ಹಸಿರಾಗಿದ್ದಾಗಲೋ ನೋಡಿದರೆ ಯಾವ ಜಾಗವೂ ಚೆಂದ. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ ಬನ್ನಿ. ಹೊರಗಿನವರು ಊರಲ್ಲಿ ಉಳಿದುಕೊಂಡರೆ 24 ಗಂಟೆಯೊಳಗೆ ಆರ್‌ಟಿ ಮುಖ್ಯಸ್ಥರಿಗೆ ತಿಳಿಸಬೇಕು ಎಂಬ ರೂಢಿ ಇದೆ. ನಿಮ್ಮ ಪಾಸ್‌ಪೋರ್ಟಿನ ಜೆರಾಕ್ಸ್ ಎರಡು ಮೂರು ಪ್ರತಿ ಕೈಯಲ್ಲಿರಲಿ.