ಪ್ರವೇಶ ಸಿಕ್ಕ ಮೇಲೂ ಇಂಗ್ಲಿಷ್ ಪರೀಕ್ಷೆ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊರದೇಶಕ್ಕೆ ಓದಲು ಹೊರಟವರದ್ದು. ‘ಪ್ಲೇಸ್‌ಮೆಂಟ್’ ಎಂದರೆ ನಮ್ಮಲ್ಲಿ ಕ್ಯಾಂಪಸ್ ನೌಕರಿ ಎಂದೇ ಅರ್ಥವಾಗಿಬಿಟ್ಟಿದೆ. ಇಲ್ಲಿ ಮಾತಾಡುತ್ತಿರುವುದು ಬೇರೆಯದು: ವಿದ್ಯಾರ್ಥಿಯನ್ನು ಯಾವ ಹಂತದ ಇಂಗ್ಲಿಷ್ ತರಗತಿಯಲ್ಲಿ ಕೂರಿಸಬೇಕು, ಅಥವಾ ಅಂಥ ತರಗತಿ ಬೇಕೇ ಬೇಡವೇ ಎಂದು ವಿಶ್ವವಿದ್ಯಾಲಯವೇ ನಡೆಸುವ ಪರೀಕ್ಷೆ.

ಪ್ರಶ್ನೆ: ಐಇಎಲ್‌ಟಿಎಸ್‌ನಲ್ಲಿ (ಪ್ರವೇಶಕ್ಕೆ ಕೇಳುವ ಇಂಗ್ಲಿಷ್ ಪರೀಕ್ಷೆ) ಒಟ್ಟು 6.5 ಬಂದಿದೆ. ಅಮೆರಿಕದಲ್ಲಿ ಎಂ.ಎಸ್. ಸೀಟೂ ಸಿಕ್ಕಿದೆ. ಈಗ ‘ಇಂಗ್ಲಿಷ್ ಪ್ಲೇಸ್‌ಮೆಂಟ್ ಟೆಸ್ಟ್ ಬರೆಯಬೇಕು’ ಎಂದು ಮೇಲ್ ಬಂದಿದೆ. ಫೇಲಾದರೆ ಸೀಟು ಹೋಗುತ್ತದೆಯೇ? (ದಾವಣಗೆರೆ)

ಉತ್ತರ: ನಿಮಗೆ ಸೀಟು ಕೊಟ್ಟ ಪತ್ರದಲ್ಲಿ ಭಾಷೆಯ ಷರತ್ತು ಹಾಕಿಲ್ಲವಾದರೆ ಈ ಪರೀಕ್ಷೆಯಿಂದ ಸೀಟು ಹೋಗುವುದಿಲ್ಲ. ಇದರಲ್ಲಿ ಪಾಸು-ಫೇಲು ಎಂಬುದೇ ಇಲ್ಲ. ಫಲಿತಾಂಶ ಎರಡೇ ಬಗೆ: ‘ವಿನಾಯಿತಿ’, ಇಲ್ಲವೇ ‘ಇಂಥ ಕೋರ್ಸ್ ತೆಗೆದುಕೊಳ್ಳಿ’.

ಐಇಎಲ್‌ಟಿಎಸ್ ಬರೆದ ಮೇಲೂ ಇದು ಯಾಕೆ ಎಂದರೆ, ಒಟ್ಟು ಅಂಕ ನಾಲ್ಕು ವಿಭಾಗಗಳ ಸರಾಸರಿ. ಆಲಿಸುವಿಕೆ 7.5, ಓದು 7, ಮಾತು 6.5, ಬರವಣಿಗೆ 5.5 ಬಂದರೆ ಸರಾಸರಿ 6.625, ಅದನ್ನು ಹತ್ತಿರದ ಅರ್ಧ ಬ್ಯಾಂಡಿಗೆ (ಅರ್ಧ ಅಂಕಕ್ಕೆ) ಇಳಿಸಿ 6.5 ಎಂದು ಕೊಡುತ್ತಾರೆ. ಬರವಣಿಗೆಯ 5.5 ಆ ಒಟ್ಟು ಅಂಕದ ಹಿಂದೆ ಮರೆಯಾಗಿಬಿಡುತ್ತದೆ. ಎಂ.ಎಸ್.ನಲ್ಲಿ ಮೊದಲ ತಿಂಗಳಿಂದಲೇ ವರದಿ ಬರೆಯಬೇಕು, ಅಲ್ಲಿ ತೊಡಕಾಗುವುದು ಅದೇ 5.5. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್‌ನಂಥ ಕಡೆ, ನಿಗದಿಯಾದ ಅಂಕಕ್ಕಿಂತ ಕಡಿಮೆ ಬಂದವರಿಗೆ ಇಂಥ ಪರೀಕ್ಷೆ ಇಟ್ಟು ಕೋರ್ಸ್ ನಿರ್ಧರಿಸುತ್ತಾರೆ.

ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ, ಬರೆಯದವರ ಕೋರ್ಸ್ ನೋಂದಣಿಯನ್ನೇ ತಡೆಹಿಡಿಯುವ ಕಡೆಗಳಿವೆ. ಅಲ್ಲಿಗೆ ಹೋಗಿ ಬರೆಯುವುದಾದರೆ ನಾಲ್ಕೈದು ದಿನ ಮೊದಲೇ ತಲುಪಿ. ಆಗಸ್ಟಿನಲ್ಲಿ ಶಾಂಪೇನ್‌ನಲ್ಲಿ ಮಧ್ಯಾಹ್ನ 2 ಗಂಟೆ ಎಂದರೆ ನಮ್ಮಲ್ಲಿ ರಾತ್ರಿ 12.30. ಇಳಿದ ಮಾರನೆಯ ದಿನವೇ ಪರೀಕ್ಷೆಗೆ ಕೂತರೆ ನಿದ್ದೆಗಣ್ಣಿನಲ್ಲಿ ಬರೆದಂತೆ. ಊರಿನಿಂದಲೇ ಆನ್‌ಲೈನಿನಲ್ಲಿ ಬರೆಯುವುದಾದರೆ ಯುಪಿಎಸ್ ಇರುವ ಕಡೆ ಕೂರಿ.

ಪ್ರಶ್ನೆ: ಬರವಣಿಗೆಯ ಭಾಗದಲ್ಲಿ ಏನು ಕೇಳುತ್ತಾರೆ? ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪ್ರಬಂಧಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಲೇ? (ಹಾವೇರಿ)

ಉತ್ತರ: ದಯವಿಟ್ಟು ಬೇಡ. ಹೆಚ್ಚು ಪೆಟ್ಟು ಬೀಳುವುದು ಅಲ್ಲೇ.

ಸಾಮಾನ್ಯ ರೂಪ ಹೀಗಿರುತ್ತದೆ: ಒಂದು ಸಣ್ಣ ಲೇಖನ ಓದಲು ಕೊಡುತ್ತಾರೆ, ಅದೇ ವಿಷಯದ ಮೇಲೆ ಕೆಲವು ನಿಮಿಷಗಳ ಉಪನ್ಯಾಸ ಕೇಳಿಸುತ್ತಾರೆ, ಆಮೇಲೆ ಎರಡನ್ನೂ ಬಳಸಿ ಪ್ರಬಂಧ ಬರೆಯಲು ಹೇಳುತ್ತಾರೆ. ಲೇಖನದಲ್ಲಿ ‘ನಗರದ ನಡುಭಾಗಕ್ಕೆ ಕಾರು ಬಿಡದಿದ್ದರೆ ಗಾಳಿ ತಿಳಿಯಾಗುತ್ತದೆ’ ಎಂದಿದೆ, ಉಪನ್ಯಾಸದಲ್ಲಿ ‘ಸಣ್ಣ ಅಂಗಡಿಯವರ ವ್ಯಾಪಾರ ಕುಸಿಯುತ್ತದೆ’ ಎಂದಿದ್ದಾರೆ ಎನ್ನಿ. ನಮ್ಮ ಗೈಡುಗಳಲ್ಲಿ ಪಳಗಿದ ಕೈ ತಟ್ಟನೆ ‘ಪೊಲ್ಯೂಷನ್ ಈಸ್ ಎ ಬರ್ನಿಂಗ್ ಪ್ರಾಬ್ಲಮ್ ಆಫ್ ಟುಡೇ’ ಎಂದು ಶುರು ಮಾಡುತ್ತದೆ. ವ್ಯಾಕರಣ ಸರಿಯಾಗಿಯೇ ಇದೆ. ಆದರೆ ಆ ವಾಕ್ಯ ಲೇಖನ ಓದದವರೂ ಬರೆಯಬಹುದಾದದ್ದು. ಮೌಲ್ಯಮಾಪಕರು ಹುಡುಕುವುದು ಬೇರೆ: ಲೇಖಕರ ವಾದ ಯಾವುದು, ಉಪನ್ಯಾಸಕರು ಅದಕ್ಕೆ ಎಲ್ಲಿ ತಕರಾರು ತೆಗೆದರು, ನಿಮ್ಮ ನಿಲುವು ಯಾವುದು. ಈ ಮೂರೂ ಬೇರೆಬೇರೆಯಾಗಿ ಕಾಣಬೇಕು. ‘ಲೇಖಕರ ಪ್ರಕಾರ’, ‘ಉಪನ್ಯಾಸಕರು ಇದನ್ನು ಒಪ್ಪುವುದಿಲ್ಲ’, ‘ನನಗೆ ಕಾಣುವಂತೆ’ ಎಂಬರ್ಥದ ಮಾತುಗಳು ಪ್ರತಿ ಪ್ಯಾರಾದಲ್ಲೂ ಇರಲಿ. ಮೊದಲ ಪ್ಯಾರಾ ಮೂರ್ನಾಲ್ಕು ವಾಕ್ಯ ಸಾಕು. ಗಾದೆ, ಮಹನೀಯರ ನುಡಿ ಯಾವುದೂ ಬೇಡ.

ಎರಡನೆಯ ತಪ್ಪು, ಲೇಖನದ ವಾಕ್ಯಗಳನ್ನು ಇದ್ದಂತೆಯೇ ಎತ್ತಿ ಬರೆಯುವುದು. ಪುಸ್ತಕದಲ್ಲಿದ್ದಂತೆ ಬರೆದರೆ ನಮ್ಮಲ್ಲಿ ಪೂರ್ಣಾಂಕ ಸಿಗುತ್ತಿತ್ತು, ಅಲ್ಲಿ ಅದು ಕೃತಿಚೌರ್ಯ. ಇದನ್ನು ತಪ್ಪಿಸಲು ಒಂದು ದಾರಿ: ಪ್ಯಾರಾ ಓದಿ, ಕಣ್ಣು ತೆಗೆದು, ಕನ್ನಡದಲ್ಲೇ ಒಂದು ಸಾಲಿನ ಟಿಪ್ಪಣಿ ಮಾಡಿಕೊಳ್ಳಿ. ಆ ಟಿಪ್ಪಣಿ ನೋಡಿ ಇಂಗ್ಲಿಷಿನಲ್ಲಿ ಬರೆಯಿರಿ. ಮೂಲದ ಪದಗಳು ತಾವಾಗಿಯೇ ಬದಲಾಗುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಲ್ಲಿ ನಿಮಗೆ ಅನುಕೂಲವೇ.

ಬರೆಯಲು 50 ನಿಮಿಷ ಇದ್ದರೆ 8 ನಿಮಿಷ ಯೋಜನೆಗೆ, 35 ನಿಮಿಷ ಬರೆಯಲು, 7 ನಿಮಿಷ ತಿದ್ದಲು ಇಟ್ಟುಕೊಳ್ಳಿ. ಅಲ್ಲೊಂದು ಇಲ್ಲೊಂದು ‘ಎ’, ‘ದಿ’ ಬಿಟ್ಟುಹೋದರೆ, ‘ಡಿಸ್ಕಸ್ ಅಬೌಟ್’ ಎಂದು ಬರೆದರೆ ಅಷ್ಟಕ್ಕೇ ಹಂತ ಇಳಿಯುವುದಿಲ್ಲ. ಯಾರು ಏನು ಹೇಳಿದರು ಎಂಬುದೇ ಗೊಂದಲವಾದರೆ ಇಳಿಯುತ್ತದೆ.

ಪ್ರಶ್ನೆ: ಮಗಳು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯ ಸೇರುತ್ತಿದ್ದಾಳೆ. ಅಲ್ಲಿ ‘ಡೆಲ್ನಾ’ ಎಂಬ ಪರೀಕ್ಷೆ ಇದೆಯಂತೆ. ಹೊರಗಿನವರು ಎಂದು ಹೀಗೆ ಮಾಡುತ್ತಾರೆಯೇ? (ಶಿವಮೊಗ್ಗ)

ಉತ್ತರ: ಇಲ್ಲಮ್ಮ, ಹಾಗೆ ನೊಂದುಕೊಳ್ಳಬೇಡಿ. ಡೆಲ್ನಾ ಮೊದಲ ವರ್ಷದ ಪದವಿ ವಿದ್ಯಾರ್ಥಿಗಳಿಗೆಂದು ಇರುವುದು. ಇಂಗ್ಲಿಷ್ ಮನೆಮಾತಾಗಿರುವವರಿಗೂ ಅದು ಉಂಟು. ಮೊದಲು ಒಂದು ಚಿಕ್ಕ ಜರಡಿ ಪರೀಕ್ಷೆ, ಅದರಲ್ಲಿ ಕಡಿಮೆ ಬಂದವರಿಗೆ ಮಾತ್ರ ಆಲಿಸುವಿಕೆ, ಓದು, ಬರವಣಿಗೆಯ ವಿವರವಾದ ಪರೀಕ್ಷೆ.

ಜರಡಿ ಪರೀಕ್ಷೆಯಲ್ಲಿ ಬಹುಕಾಲದಿಂದ ಬಳಸಿದ ಒಂದು ಬಗೆಯನ್ನು ಮಗಳಿಗೆ ತಿಳಿಸಿ. ಒಂದು ಬರಹದ ಪ್ರತಿ ಸಾಲಿನಲ್ಲೂ ಸಂಬಂಧವಿಲ್ಲದ ಒಂದು ಪದ ಸೇರಿಸಿರುತ್ತಾರೆ, ಅದನ್ನು ಗುರುತಿಸಬೇಕು. ‘ದಿ ವಾಟರ್ ಇನ್ ಸಿಂಗ್ ದಿ ಲೇಕ್ ಈಸ್ ಕ್ಲೀನ್’ ಎಂಬಲ್ಲಿ ‘ಸಿಂಗ್’ ಹೆಚ್ಚುವರಿ. ಸುಲಭವೆನಿಸುತ್ತದೆ, ಆದರೆ ಹೀಗೆ 73 ಸಾಲು, ಸಮಯ 10 ನಿಮಿಷ. ಒಂದು ಸಾಲಿಗೆ ಎಂಟು ಸೆಕೆಂಡು. ಪದಪದವನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಓದುವವರು ಅರ್ಧಕ್ಕೇ ನಿಲ್ಲುತ್ತಾರೆ. ಅಳೆಯುವುದೂ ಆ ವೇಗವನ್ನೇ. ಒಂದು ಸಾಲಿನಲ್ಲಿ ಪದ ಸಿಗದಿದ್ದರೆ ಅಲ್ಲೇ ಕೂರದೆ ಮುಂದೆ ಹೋಗಲಿ. ಹೊರಡುವವರೆಗೆ ದಿನಾ ಇಂಗ್ಲಿಷ್ ಪತ್ರಿಕೆಯ ಒಂದು ಲೇಖನವನ್ನು ಗಡಿಯಾರ ಇಟ್ಟುಕೊಂಡು, ನಿಘಂಟು ತೆರೆಯದೆ ಓದಲಿ. ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಪ್ರಶ್ನೆ: ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಟೀಚಿಂಗ್ ಅಸಿಸ್ಟೆಂಟ್ (ಪಾಠಕ್ಕೆ ನೆರವಾಗುವ) ಕೆಲಸಕ್ಕೆ ಮಾತಿನ ಪರೀಕ್ಷೆ ಇದೆ. ಉಚ್ಚಾರಣೆ ಅಮೆರಿಕದವರಂತೆ ಇರಬೇಕೇ? (ಮೈಸೂರು)

ಉತ್ತರ: ಬೇಕಿಲ್ಲ, ತರಗತಿಯಲ್ಲಿ ಕೂತವರಿಗೆ ಕಷ್ಟವಿಲ್ಲದೆ ಅರ್ಥವಾದರೆ ಸಾಕು. ಅಲ್ಲಿನ ಒಇಪಿಟಿ ಪರೀಕ್ಷೆಯಲ್ಲಿ ಕಂಪ್ಯೂಟರ್ ಮುಂದೆ ಮಾತಾಡಬೇಕು: ಗ್ರಾಫ್ ವಿವರಿಸುವುದು, ವಿದ್ಯಾರ್ಥಿಯ ದೂರಿಗೆ ಉತ್ತರಿಸುವುದು, ಕೇಳಿದ ಉಪನ್ಯಾಸವನ್ನು ಸಂಗ್ರಹಿಸಿ ಹೇಳುವುದು, ಹೀಗೆ. ಅಂಕ 35ರಿಂದ 60, ಐದರ ಅಂತರದಲ್ಲಿ. 50 ಬಂದರೆ ಪಾಠ ಮಾಡಲು ಅರ್ಹತೆ, 45 ಅಥವಾ ಕಡಿಮೆ ಬಂದರೆ ತರಬೇತಿ ಕೋರ್ಸ್.

ಕನ್ನಡಿಗರು ಗಮನಿಸಬೇಕಾದ್ದು ಪದದ ಒತ್ತು. ಕನ್ನಡದಲ್ಲಿ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ಬೀಳುತ್ತವೆ, ಇಂಗ್ಲಿಷಿನಲ್ಲಿ ಹಾಗಲ್ಲ. ನಾವು ‘ಪ್ಯಾರಾ-ಮೀಟರ್’ ಎಂದು ಎರಡು ಪದದಂತೆ ಹೇಳುತ್ತೇವೆ. ಅವರ ಬಾಯಲ್ಲಿ ಅದು ‘ಪರ‍್ಯಾಮಿಟರ್’, ಒತ್ತು ಎರಡನೆಯ ಅಕ್ಷರದ ಮೇಲೆ. ಒತ್ತು ತಪ್ಪಿದರೆ ಕೇಳುವವರಿಗೆ ಪದವೇ ಗುರುತಾಗದೆ ಹೋಗಬಹುದು. ‘ಎರರ್’ ಎಂಬುದು ‘ಯೆರರ್’ ಆಗದಂತೆ ನೋಡಿಕೊಳ್ಳಿ. ‘ವೇವ್’ ಪದದಲ್ಲಿ ಮೊದಲ ‘ವ’ಕ್ಕೆ ತುಟಿ ದುಂಡಗಾಗಬೇಕು, ಕೊನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ನಮ್ಮಲ್ಲಿ ಎರಡಕ್ಕೂ ಒಂದೇ ಅಕ್ಷರ. ನಿಮ್ಮ ವಿಷಯದಲ್ಲಿ ಮತ್ತೆಮತ್ತೆ ಬರುವ 50 ಪದಗಳನ್ನು ಪಟ್ಟಿ ಮಾಡಿ, ಆನ್‌ಲೈನ್ ನಿಘಂಟಿನಲ್ಲಿ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹೋಲಿಸಿ.

ಪ್ರಶ್ನೆ: ತಮ್ಮ ಅಮೆರಿಕದಲ್ಲಿ ಪದವಿ ಓದುತ್ತಿದ್ದಾನೆ, ಇದು ಮೊದಲ ಸೆಮಿಸ್ಟರ್. ಇಂಗ್ಲಿಷ್ ಕೋರ್ಸ್ ಸೇರಿ ಹೊರೆ ಹೆಚ್ಚಾಗಿದೆ, ಒಂದು ವಿಷಯ ಬಿಡುತ್ತೇನೆ ಎನ್ನುತ್ತಾನೆ. ಬಿಡಬಹುದೇ? (ಕಲಬುರಗಿ)

ಉತ್ತರ: ಬಿಡುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಲಿ. ಎಫ್-1 (ವಿದ್ಯಾರ್ಥಿ) ವೀಸಾದವರು ಪದವಿಯಲ್ಲಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ (ಓದಿನ ಹೊರೆಯ ಅಳತೆ) ಇಟ್ಟುಕೊಂಡಿರಬೇಕು. ಶುರುವಿನಲ್ಲಿ ಇಂಗ್ಲಿಷ್ ಕಷ್ಟವಾದವರಿಗೆ ಹೊರೆ ಇಳಿಸುವ ಅವಕಾಶ ಕಾನೂನಿನಲ್ಲೇ ಇದೆ, ಆದರೆ ಅಲ್ಲಿನ ನಿಯೋಜಿತ ಅಧಿಕಾರಿಯ ಅನುಮತಿ ಮೊದಲು ಸಿಗಬೇಕು, ಕನಿಷ್ಠ ಅರ್ಧ ಹೊರೆ ಉಳಿಯಬೇಕು, ಮುಂದಿನ ಸೆಮಿಸ್ಟರಿನಲ್ಲಿ ಪೂರ್ತಿ ಹೊರೆಗೆ ಮರಳಬೇಕು. ಅನುಮತಿಯಿಲ್ಲದೆ 12ಕ್ಕಿಂತ ಕೆಳಗಿಳಿದರೆ ವೀಸಾ ಸ್ಥಾನಮಾನಕ್ಕೇ ಕುತ್ತು. ಇಂಗ್ಲಿಷ್ ಕೋರ್ಸ್ ಆ 12ರ ಲೆಕ್ಕಕ್ಕೆ ಸೇರುತ್ತದೆಯೇ, ಪದವಿಯ ಲೆಕ್ಕಕ್ಕೂ ಸೇರುತ್ತದೆಯೇ, ಶುಲ್ಕ ಎಷ್ಟು ಎಂಬ ಮೂರನ್ನೂ ಅಲ್ಲೇ ಕೇಳಿ ಬರಹದಲ್ಲಿ ಪಡೆಯಲಿ.

ಪ್ರಶ್ನೆ: ಇನ್ನೊಂದು ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್ ಅಂಕ ಈಗ 120ರಲ್ಲಿ ಬರುವುದಿಲ್ಲವಂತೆ. ಪ್ಲೇಸ್‌ಮೆಂಟ್ ಪರೀಕ್ಷೆಯಿಂದ ವಿನಾಯಿತಿ ಸಿಗಲು ಬೇಕಾದ ಅಂಕವನ್ನು ಹೇಗೆ ನೋಡುವುದು? (ಉಡುಪಿ)

ಉತ್ತರ: 2026ರ ಜನವರಿ 21ರಿಂದ ಟೋಫೆಲ್ ಐಬಿಟಿ (ಇಂಟರ್ನೆಟ್ ಮೂಲಕ ನಡೆಯುವ ಟೋಫೆಲ್) ಅಂಕ 1ರಿಂದ 6ರ ಮಾಪನದಲ್ಲಿ ಬರುತ್ತದೆ. ಎರಡು ವರ್ಷ ಅಂಕಪಟ್ಟಿಯಲ್ಲಿ 120ರ ಲೆಕ್ಕದ ಸಮಾನ ಅಂಕವೂ ಇರುತ್ತದೆ. ವಿಶ್ವವಿದ್ಯಾಲಯದ ಪುಟದಲ್ಲಿ ಹಳೆಯ ಮಾಪನವಷ್ಟೇ ಇದ್ದರೆ ಆ ಸಮಾನ ಅಂಕವನ್ನು ನೋಡಿ. ಒಟ್ಟು ಅಂಕದ ಜೊತೆಗೆ ಬರವಣಿಗೆ, ಮಾತಿನ ಕನಿಷ್ಠ ಅಂಕವನ್ನು ಬೇರೆಯಾಗಿ ಕೇಳಿದ್ದಾರೆಯೇ ಎಂದೂ ನೋಡಿಕೊಳ್ಳಿ.