ಹೋಂಸ್ಟೇಯಲ್ಲಿ ಲ್ಯಾಪ್‌ಟಾಪ್‌ಗೆ ಮೊಬೈಲ್ ನೆಟ್

ಪ್ರಶ್ನೆ: ಕಕ್ಕಬ್ಬೆಯ ಹೋಂಸ್ಟೇಯಲ್ಲಿ ಒಂದು ವಾರ ಆಫೀಸ್ ಕೆಲಸ ಮಾಡಬೇಕಿದೆ. ಅಲ್ಲಿ ವೈಫೈ ಇಲ್ಲ. ಹಾಟ್‌ಸ್ಪಾಟ್ ಹಾಕಿದರೆ ದಿನದ 2 ಜಿಬಿ ಮಧ್ಯಾಹ್ನದೊಳಗೆ ಖಾಲಿ, ಫೋನೂ ಕಾದು ಕೆಂಡ. ಏನು ಮಾಡಲಿ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಡೇಟಾ ನುಂಗುತ್ತಿರುವುದು ಬಹುಶಃ ನಿಮ್ಮ ಕೆಲಸವಲ್ಲ, ವಿಂಡೋಸ್ ಅಪ್‌ಡೇಟ್ ಮತ್ತು ಕ್ಲೌಡ್ ಬ್ಯಾಕಪ್. ಹಾಟ್‌ಸ್ಪಾಟನ್ನೂ ಮನೆಯ ವೈಫೈ ಎಂದೇ ಲ್ಯಾಪ್‌ಟಾಪ್ ತಿಳಿಯುತ್ತದೆ. ಸೆಟ್ಟಿಂಗ್ಸ್‌ನ ವೈಫೈ ವಿಭಾಗದಲ್ಲಿ ಆ ಹಾಟ್‌ಸ್ಪಾಟ್‌ನ ಪ್ರಾಪರ್ಟೀಸ್ ತೆರೆದು ‘ಮೀಟರ್ಡ್ ಕನೆಕ್ಷನ್’ (ಡೇಟಾಕ್ಕೆ ಮಿತಿಯಿದೆ ಎಂದು ಲ್ಯಾಪ್‌ಟಾಪ್‌ಗೆ ತಿಳಿಸುವ ಆಯ್ಕೆ) ಆನ್ ಮಾಡಿ. ಬ್ಯಾಕಪ್ ಆ್ಯಪನ್ನು ಕೈಯಾರೆ ನಿಲ್ಲಿಸುವುದೇ ವಾಸಿ.

ಬಿಸಿ ಕಡಿಮೆಯಾಗಲು ಯುಎಸ್‌ಬಿ ಟೆದರಿಂಗ್, ಅಂದರೆ ಫೋನಿನ ನೆಟ್ಟನ್ನು ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಡುವ ವಿಧಾನ ಬಳಸಿ. ಮೊದಲು ಕೇಬಲ್ ಸಿಕ್ಕಿಸಿ, ಆಮೇಲೆ ಫೋನಿನ ‘ಹಾಟ್‌ಸ್ಪಾಟ್ ಅಂಡ್ ಟೆದರಿಂಗ್’ನಲ್ಲಿ ಅದನ್ನು ಆನ್ ಮಾಡಿ. ಆಯ್ಕೆ ಮಸುಕಾಗಿಯೇ ಇದ್ದರೆ ನಿಮ್ಮದು ಬಹುಶಃ ಬರೀ ಚಾರ್ಜಿಂಗ್ ಕೇಬಲ್. ಡೇಟಾ ಕೇಬಲ್ ಬೇಕು. ಈ ಸಂಪರ್ಕವನ್ನು ವಿಂಡೋಸ್ ಈಥರ್ನೆಟ್ (ತಂತಿಯ ನೆಟ್) ಎಂದು ತೋರಿಸುತ್ತದೆ, ಹಾಗಾಗಿ ಮೀಟರ್ಡ್ ಮತ್ತೊಮ್ಮೆ ಹಾಕಬೇಕು. ಕರೆಂಟ್ ಹೋದಾಗ ಫೋನು ಲ್ಯಾಪ್‌ಟಾಪ್‌ನ ಬ್ಯಾಟರಿ ಹೀರುತ್ತದೆ, ನೆನಪಿರಲಿ.

ಸಿಗ್ನಲ್ ಜಗಲಿಯಲ್ಲಷ್ಟೇ ಸಿಕ್ಕಿದರೆ ಕೇಬಲ್ ಬಿಡಿ. ಫೋನನ್ನು ಮಳೆ ಎರಚದ ಕಿಟಕಿಯ ಬಳಿ ಇಟ್ಟು, ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಹಾಕಿ. 5 ಗಿಗಾಹರ್ಟ್ಸ್ ವೇಗವಾದರೂ ಗೋಡೆ ದಾಟುವುದರಲ್ಲಿ ಹಿಂದೆ. ಯಾವ ಕಂಪನಿಯ ಸಿಮ್ ಹಿಡಿಯುತ್ತದೆಂದು ಹೋಂಸ್ಟೇಯವರನ್ನು ಹೊರಡುವ ಮುನ್ನವೇ ಕೇಳಿ.